ಓಡಾಡುವ ನೋಡ್‌ಗಳಿಗೊಬ್ಬ ಯಜಮಾನ

ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೊಬೈಲ್ ಆಡ್‌ಹಾಕ್ ನೆಟ್‌ವರ್ಕ್ ಹಿಡಿದಿದ್ದೀರಿ, ಅದರಲ್ಲೂ ಲೀಡರ್ ಎಲೆಕ್ಷನ್. ಒಳ್ಳೆಯ ವಿಷಯ, ಮೆಚ್ಚಿದೆ. ಟವರ್ ಇಲ್ಲ, ರೂಟರ್ ಇಲ್ಲ. ಜನರ ಕೈಯಲ್ಲಿ, ಜೀಪಿನಲ್ಲಿ, ಡ್ರೋನಿನಲ್ಲಿ ಓಡಾಡುವ ಸಾಧನಗಳೇ ಸಿಕ್ಕಷ್ಟು ಹೊತ್ತು ಮಾತಾಡಿಕೊಂಡು, ತಮ್ಮೊಳಗೇ ಒಂದನ್ನು ಯಜಮಾನ ಎಂದು ಒಪ್ಪಿಕೊಂಡು ಕೆಲಸ ನಡೆಸಬೇಕು. ಪ್ರವಾಹ ಬಂದು ಟವರುಗಳ ಕರೆಂಟು ಹೋದ ಊರಿನಲ್ಲಿ ರಕ್ಷಣಾ ತಂಡದವರಿಗೆ ಬೇಕಾಗುವುದು ಇಂಥದ್ದೇ. ಆದರೆ ನೀವು ತರುವ ಕೋಡ್ ನೋಡಿದಾಗ ಸ್ವಲ್ಪ ಗದರಿಸದೆ ವಿಧಿಯಿಲ್ಲ. ನಿಮ್ಮ ಆಸ್ಥೆಯೆಲ್ಲ ಲೀಡರ್ ಯಾರೆಂದು ತೀರ್ಮಾನವಾಗುವ ಆ ಒಂದು ಗಳಿಗೆಯ ಮೇಲೆ. ಸ್ಕ್ರೀನಿನಲ್ಲಿ ‘ಲೀಡರ್: ನೋಡ್ 6’ ಎಂದು ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ. ಮಕ್ಕಳೇ, ಇದರಲ್ಲಿ ಆರಿಸುವುದೇ ಸುಲಭದ ಭಾಗ. ಆರಿಸಿದ ಲೀಡರ್ ಕೈಗೆ ಸಿಗದೆ ಹೋಗಿದೆ ಎಂದು ಉಳಿದವಕ್ಕೆ ಗೊತ್ತಾಗಬೇಕಲ್ಲ, ಎರಡು ಲೀಡರುಗಳು ಎದುರಾದಾಗ ಒಂದು ತೆಪ್ಪಗೆ ಕೆಳಗಿಳಿಯಬೇಕಲ್ಲ, ಕಷ್ಟವಿರುವುದು ಅಲ್ಲಿ. ನಿಮ್ಮ ಸಮಯದ ಮುಕ್ಕಾಲು ಪಾಲನ್ನು ಅಲ್ಲಿಗೆ ಕೊಡಿ.

ಅದಕ್ಕೂ ಮೊದಲು ಒಂದು ಪ್ರಶ್ನೆ. ನಿಮಗೆ ಲೀಡರ್ ನಿಜವಾಗಿ ಬೇಕೇ? ಬರೀ ದಾರಿ ಹುಡುಕುವುದಾದರೆ ಬೇಡ. 2003ರಲ್ಲಿ ಪ್ರಕಟವಾದ ಎಒಡಿವಿ ರೂಟಿಂಗ್ ಪ್ರೋಟೋಕಾಲ್ ಯಾವ ಯಜಮಾನನೂ ಇಲ್ಲದೆ ನಡೆಯುತ್ತದೆ. ಹೊಸದಾಗಿ ಬಂದ ನೋಡ್‌ಗೆ ವಿಳಾಸ ಕೊಡುವುದು, ಗುಂಪಿನ ಕೀ ಹಂಚುವುದು, ಯಾರು ಯಾವ ಹೊತ್ತಿಗೆ ಮಾತಾಡಬೇಕೆಂದು ಸರದಿ ಹಾಕುವುದು, ಕಳೆದುಹೋದ ಟೋಕನ್ನನ್ನು ಮತ್ತೆ ಹುಟ್ಟಿಸುವುದು, ಇಂಥ ಕೆಲಸಗಳಿಗೆ ಮಾತ್ರ ಒಬ್ಬರೇ ಇರಬೇಕು. ಹಾಗಾಗಿ ವರದಿಯ ಮೊದಲ ಪುಟದಲ್ಲೇ ಬರೆಯಿರಿ: ನಮ್ಮ ಲೀಡರ್ ಮಾಡುವ ಕೆಲಸ ಇಂಥದ್ದು, ಸ್ವಲ್ಪ ಹೊತ್ತು ಲೀಡರೇ ಇಲ್ಲದಿದ್ದರೆ ಆಗುವ ನಷ್ಟ ಇಷ್ಟು, ಇಬ್ಬರಾದರೆ ಆಗುವ ನಷ್ಟ ಇಷ್ಟು. ಈ ಮೂರು ಮಾತು ಬರೆಯದೆ ಆಲ್ಗಾರಿದಮ್‌ಗೆ ಕೈ ಹಾಕಬೇಡಿ. ಇವುಗಳ ಉತ್ತರ ಕೆಲಸದಿಂದ ಕೆಲಸಕ್ಕೆ ಬೇರೆ. ಸರದಿ ಹಾಕುವ ಲೀಡರ್ ಎರಡು ಸೆಕೆಂಡ್ ಇಲ್ಲದಿದ್ದರೆ ಗದ್ದಲ; ವಿಳಾಸ ಕೊಡುವ ಲೀಡರ್ ಹತ್ತು ನಿಮಿಷ ಇಲ್ಲದಿದ್ದರೂ ಹಳಬರಿಗೆ ಏನೂ ಆಗುವುದಿಲ್ಲ, ಆದರೆ ಅಂಥವರು ಇಬ್ಬರಾದರೆ ಒಂದೇ ಬಾಗಿಲ ನಂಬರನ್ನು ಎರಡು ಮನೆಗೆ ಬರೆದ ಹಾಗೆ, ಕಾಗದ ಯಾರ ಕೈ ಸೇರುತ್ತದೋ ದೇವರೇ ಬಲ್ಲ.

ಇನ್ನು ನೀವು ಪಠ್ಯಪುಸ್ತಕದಿಂದ ಎತ್ತಿಕೊಳ್ಳುವ ಆಲ್ಗಾರಿದಮ್‌ಗಳ ಮಾತು. ಲೀಡರ್ ಎಲೆಕ್ಷನ್ ಎಂಬ ಸಮಸ್ಯೆಯನ್ನು 1977ರಲ್ಲಿ ಲೆ ಲಾನ್ ಎತ್ತಿದ್ದು ಕದಲದ ಕಂಪ್ಯೂಟರುಗಳ ರಿಂಗ್ ಇಟ್ಟುಕೊಂಡು. 1979ರ ಚಾಂಗ್–ರಾಬರ್ಟ್ಸ್ ಕ್ರಮದಲ್ಲೂ ಅದೇ ರಿಂಗ್. ಪಕ್ಕದವರು ಯಾರೆಂದು ಎಲ್ಲರಿಗೂ ಖಾತ್ರಿ. 1982ರಲ್ಲಿ ಗಾರ್ಸಿಯಾ-ಮೊಲಿನಾ ಕೊಟ್ಟ ಬುಲ್ಲಿ ಆಲ್ಗಾರಿದಮ್‌ನಲ್ಲಿ ಎಲ್ಲರಿಗೂ ಎಲ್ಲರ ನಂಬರ್ ಗೊತ್ತು, ಮೆಸೇಜು ಇಂತಿಷ್ಟೇ ಹೊತ್ತಿನಲ್ಲಿ ತಲುಪುತ್ತದೆ ಎಂಬ ಭರವಸೆ. ಅವರ ಲೆಕ್ಕ ಅವರ ಕಾಲದ ನೆಟ್‌ವರ್ಕಿಗೆ ಸರಿ. ನಿಮ್ಮ ನೆಟ್‌ವರ್ಕಿನಲ್ಲಿ ಪಕ್ಕದವರು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ, ಒಟ್ಟು ಎಷ್ಟು ಜನ ಎಂದು ಯಾರಿಗೂ ಗೊತ್ತಿಲ್ಲ, ಅರ್ಧ ಮೆಸೇಜು ಗಾಳಿಯಲ್ಲೇ ಕಳೆಯುತ್ತದೆ. ಅಲ್ಲಿ ಬುಲ್ಲಿಯನ್ನು ಹಾಗೇ ತಂದು ಕೂರಿಸುವುದು ಬೇಡ. ಹೆಸರು ಪರಿಚಿತ, ಕೋಡ್ ಸುಲಭ ಎಂದು ಆಸೆಪಡಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಓಡಾಡುವ ನೋಡ್‌ಗಳಿಗೆಂದೇ ಬರೆದವು ಇವೆ. ಮಲ್ಪಾನಿ, ವೆಲ್ಚ್, ವೈದ್ಯ ಅವರದು 2000ದಲ್ಲಿ ಬಂತು. ವಾಸುದೇವನ್, ಕುರೋಸ್, ಟೌಸ್ಲಿ ಅವರದು 2004ರಲ್ಲಿ. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಎರಡನೆಯದನ್ನು, ಯಾಕೆಂದರೆ ಅದನ್ನು ಕಾಗದದ ಮೇಲೆ ಪೆನ್ಸಿಲ್ ಹಿಡಿದು ನಡೆಸಿ ನೋಡಬಹುದು. ನಡೆಸಿ ನೋಡದೆ ಕೀಬೋರ್ಡ್ ಮುಟ್ಟಬೇಡಿ. ಬನ್ನಿ, ಒಂದು ಸಲ ಜೊತೆಯಲ್ಲೇ ಮಾಡೋಣ.

ಆರು ನೋಡ್ ಬರೆಯಿರಿ. 1ಕ್ಕೆ 2 ಮತ್ತು 3 ಕೇಳಿಸುತ್ತವೆ, 2 ಮತ್ತು 3 ಪರಸ್ಪರ ಕೇಳಿಸುತ್ತವೆ, 2ಕ್ಕೆ 4, 4ಕ್ಕೆ 6, 3ಕ್ಕೆ 5. ಬ್ಯಾಟರಿ ಹೆಚ್ಚಿದ್ದದ್ದು ಲೀಡರ್ ಎಂದಿಟ್ಟುಕೊಳ್ಳಿ. ಕ್ರಮವಾಗಿ ಶೇಕಡಾ 40, 55, 70, 30, 65, 90. ಹಳೆಯ ಲೀಡರ್ ಕಾಣೆಯಾಗಿದೆ ಎಂದು 1ಕ್ಕೆ ತಿಳಿಯಿತು. ಅದು 2 ಮತ್ತು 3ಕ್ಕೆ ಎಲೆಕ್ಷನ್ ಮೆಸೇಜು ಕಳಿಸುತ್ತದೆ. ಮೊದಲ ಬಾರಿ ಮೆಸೇಜು ಯಾರಿಂದ ಬಂತೋ ಅದನ್ನು ತಾಯಿ ಎಂದು ಬರೆದುಕೊಂಡು, ಪ್ರತಿ ನೋಡೂ ಉಳಿದ ಪಕ್ಕದವರಿಗೆ ಅದನ್ನು ದಾಟಿಸುತ್ತದೆ. ಈಗಾಗಲೇ ಕೇಳಿದ್ದ ನೋಡ್‌ಗೆ ಅದೇ ಮೆಸೇಜು ಮತ್ತೊಬ್ಬರಿಂದ ಬಂದರೆ ತಕ್ಷಣ ‘ಸರಿ’ ಎಂದು ಬಿಡುತ್ತದೆ. ಆದರೆ ತನ್ನ ತಾಯಿಗೆ ‘ಸರಿ’ ಹೇಳುವುದು ತನ್ನ ಕೆಳಗಿನವರೆಲ್ಲ ಹೇಳಿ ಮುಗಿಸಿದ ಮೇಲೆ, ಅದೂ ಕೆಳಗೆ ಕಂಡ ಅತಿ ಹೆಚ್ಚಿನ ಬ್ಯಾಟರಿ ಯಾರದ್ದು ಎಂಬ ಸುದ್ದಿಯ ಜೊತೆಗೆ. 6 ತನ್ನ 90ನ್ನು 4ಕ್ಕೆ ಹೇಳಿತು, 4 ಅದನ್ನು 2ಕ್ಕೆ, 2 ಅದನ್ನು 1ಕ್ಕೆ. ಆ ಕಡೆ 5ರ 65 ಕೇಳಿದ 3, ತನ್ನದೇ 70ನ್ನು 1ಕ್ಕೆ ಹೇಳಿತು. 1ಕ್ಕೆ ಎರಡೂ ಕಡೆಯ ಸುದ್ದಿ ಬಂತು. 6 ಲೀಡರ್ ಎಂದು ಸಾರಿತು. ಹರಡಿ ಮತ್ತೆ ಒಟ್ಟಾಗುವ ಈ ಲೆಕ್ಕಾಚಾರದ ಮೂಲ 1980ರ ಡೈಕ್‌ಸ್ಟ್ರಾ–ಶೋಲ್ಟನ್ ಕ್ರಮ.

ಇಷ್ಟಕ್ಕೆ ಪೆನ್ಸಿಲ್ ಕೆಳಗಿಡುವವರೇ ಬಹಳ. ಇಡಬೇಡಿ. ಈಗ 2 ಮತ್ತು 4ರ ನಡುವಿನ ಗೆರೆ ಅಳಿಸಿ. ಯಾವಾಗ ಅಳಿಸುತ್ತೀರಿ ಎನ್ನುವುದರ ಮೇಲೆ ಕಥೆಯೇ ಬೇರೆಯಾಗುತ್ತದೆ.

6ರ ಉತ್ತರ 4ಕ್ಕೆ ಬಂದಿದೆ, 4ರದು 2ಕ್ಕೆ ಇನ್ನೂ ಹೋಗಿಲ್ಲ, ಆಗಲೇ ಗೆರೆ ಹರಿಯಿತು ಅನ್ನಿ. 2 ಸುಮ್ಮನೆ ಕಾಯುತ್ತ ಕೂತರೆ ಇಡೀ ಎಲೆಕ್ಷನ್ ಅಲ್ಲೇ ನಿಂತಿತು. ಅದಕ್ಕೇ ಕಾಯುವ ನೋಡ್ ಆಗಾಗ ಕೆಳಗಿನವರನ್ನು ‘ಇದ್ದೀಯಾ?’ ಎಂದು ವಿಚಾರಿಸುತ್ತಿರಬೇಕು. ಉತ್ತರ ಬಾರದಿದ್ದರೆ ಕಾಯುವ ಪಟ್ಟಿಯಿಂದ ಹೆಸರು ತೆಗೆಯಬೇಕು. 2 ಹಾಗೆ ಮಾಡಿ, ತನ್ನ 55ನ್ನು 1ಕ್ಕೆ ಹೇಳುತ್ತದೆ. ಈ ಕಡೆ 70 ಇರುವ 3 ಲೀಡರ್ ಆಗುತ್ತದೆ. ಆ ಕಡೆ ತಾಯಿ ಕಳೆದುಕೊಂಡ 4 ಏನು ಮಾಡಬೇಕು? ಅಳುತ್ತ ಕೂರುವುದಲ್ಲ, ತನ್ನ ಕೆಳಗಿನ ಲೆಕ್ಕ ಮುಗಿದಿದೆ, 6 ಲೀಡರ್ ಎಂದು ತಾನೇ ಸಾರಬೇಕು. ಒಂದು ನೆಟ್‌ವರ್ಕ್ ಎರಡು ತುಂಡಾಯಿತು, ಎರಡಕ್ಕೂ ಒಂದೊಂದು ಲೀಡರ್ ಆಯಿತು. ಅದು ಸರಿಯಾದ ಉತ್ತರವೇ. ತುಂಡಿಗೊಂದು ಲೀಡರ್ ಇರಲಿ ಎಂಬುದೇ ಇಲ್ಲಿನ ಗುರಿ. ಒಟ್ಟು ಊರಿಗೆಲ್ಲ ಒಬ್ಬರೇ ಎಂದು ಹಟ ಹಿಡಿಯುವುದು ಆಗದ ಮಾತು.

ಈಗ ಇನ್ನೊಂದು ಸಲ. 2 ತನ್ನ ‘ಸರಿ, 6ಕ್ಕೆ 90’ ಎಂಬ ಉತ್ತರವನ್ನು 1ಕ್ಕೆ ಕಳಿಸಿಬಿಟ್ಟ ಮರುಕ್ಷಣ ಗೆರೆ ಹರಿಯಿತು. 1 ಏನು ಸಾರುತ್ತದೆ? 6 ಲೀಡರ್ ಎಂದೇ! ಆ 6 ಈ ಗುಂಪಿನಲ್ಲೇ ಇಲ್ಲ. 1, 2, 3, 5 ಎಲ್ಲವೂ ಇಲ್ಲದ ಯಜಮಾನನಿಗೆ ನಮಸ್ಕಾರ ಹಾಕಿ ಕೂರುತ್ತವೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಇದನ್ನು ಎಲೆಕ್ಷನ್ ಕೋಡ್‌ನೊಳಗೆ ಸರಿಮಾಡಲು ಹೋಗಬೇಡಿ, ಆಗುವುದಿಲ್ಲ. ಮೆಸೇಜು ಹೊರಟ ಮೇಲೆ ಲೋಕ ಬದಲಾಗುವುದನ್ನು ಯಾವ ಆಲ್ಗಾರಿದಮ್ಮೂ ತಡೆಯಲಾರದು. ಇದಕ್ಕಿರುವ ಮದ್ದು ಒಂದೇ. ಲೀಡರ್ ಗೊತ್ತುಪಡಿಸಿದ ಹೊತ್ತಿಗೊಮ್ಮೆ ‘ನಾನಿದ್ದೇನೆ’ ಎಂದು ಹಾರ್ಟ್‌ಬೀಟ್ ಕಳಿಸುತ್ತಿರಬೇಕು, ಅದು ನಿಂತರೆ ಉಳಿದವು ಹೊಸ ಎಲೆಕ್ಷನ್ ಶುರುಮಾಡಬೇಕು. ಆಗ 1ರ ಗುಂಪಿಗೆ 6ರ ಸದ್ದು ಬರುವುದಿಲ್ಲ, ಸ್ವಲ್ಪ ತಡವಾಗಿಯಾದರೂ 3ನ್ನು ಆರಿಸಿಕೊಳ್ಳುತ್ತದೆ. ಹಾರ್ಟ್‌ಬೀಟನ್ನು ‘ಆಮೇಲೆ ಸೇರಿಸುತ್ತೇವೆ, ಮೇಡಂ’ ಎನ್ನುವವರ ಮೇಲೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಅದು ಬಾಗಿಲಿಗೆ ಕಟ್ಟುವ ತೋರಣವಲ್ಲ. ಅದಿಲ್ಲದೆ ಮನೆಯೇ ಇಲ್ಲ.

ಹಾರ್ಟ್‌ಬೀಟ್ ಎಷ್ಟು ಸಲ ತಪ್ಪಿದರೆ ಲೀಡರ್ ಹೋಯಿತು ಎನ್ನಬೇಕು? ಒಂದೇ ಸಲಕ್ಕೆ ಗಾಬರಿ ಬೀಳಬೇಡಿ. ವೈಫೈನಲ್ಲಿ ಎಲ್ಲರಿಗೂ ಒಟ್ಟಿಗೆ ಸಾರುವ ಬ್ರಾಡ್‌ಕಾಸ್ಟ್ ಫ್ರೇಮ್‌ಗೆ ತಲುಪಿದೆ ಎಂಬ ಉತ್ತರ ಬರುವುದಿಲ್ಲ, ಕಳೆದರೆ ಮತ್ತೆ ಕಳಿಸುವುದೂ ಇಲ್ಲ. ಹಾಗಾಗಿ ಒಂದೆರಡು ತಪ್ಪುವುದು ಸಹಜ. ತಂತಿಯ ಮೇಲೆ ನಡೆಯುವ ಓಎಸ್‌ಪಿಎಫ್ ಕೂಡ 10 ಸೆಕೆಂಡಿಗೊಮ್ಮೆ ಹಲೋ ಹೇಳಿ, 40 ಸೆಕೆಂಡ್ ಸದ್ದಿಲ್ಲದಿದ್ದರೆ ಮಾತ್ರ ಪಕ್ಕದ ರೂಟರ್ ಹೋಯಿತೆಂದು ತೀರ್ಮಾನಿಸುತ್ತದೆ. ಗಾಳಿಯಲ್ಲಿ ನಡೆಸುವ ನಿಮಗೆ ಅದಕ್ಕಿಂತ ಹೆಚ್ಚಿನ ತಾಳ್ಮೆ ಬೇಕು. ಸತ್ತ ನೋಡ್ ಮತ್ತು ನಿಧಾನದ ನೋಡ್ ದೂರದಿಂದ ಒಂದೇ ಥರ ಕಾಣುತ್ತವೆ. ಮೆಸೇಜಿಗೆ ಕಾಲಮಿತಿಯೇ ಇಲ್ಲದ ಕಡೆ ಒಂದು ಕಂಪ್ಯೂಟರ್ ಕೆಡಬಹುದು ಎಂದಾದರೂ ಸಾಕು, ಎಲ್ಲರೂ ಒಂದು ತೀರ್ಮಾನಕ್ಕೆ ಬಂದೇ ತೀರುತ್ತಾರೆ ಎಂದು ಖಾತ್ರಿ ಕೊಡುವ ಕ್ರಮ ಸಾಧ್ಯವಿಲ್ಲ ಎಂದು 1985ರಲ್ಲೇ ಫಿಷರ್, ಲಿಂಚ್, ಪ್ಯಾಟರ್ಸನ್ ತೋರಿಸಿದ್ದಾರೆ. ಟೈಮ್‌ಔಟ್ ಎಂಬುದು ಊಹೆ, ಸಾಕ್ಷಿಯಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವಾಗ, ಕಾಣದೇ ಇದ್ದದ್ದಕ್ಕೆ ಎಷ್ಟು ಎಚ್ಚರ ಬೇಕು ನೀವೇ ಯೋಚಿಸಿ. ಎಲ್ಲ ನೋಡ್‌ಗಳಿಗೂ ಒಂದೇ ಟೈಮ್‌ಔಟ್ ಇಡುವುದೂ ಬೇಡ, ಎಲ್ಲವೂ ಒಟ್ಟಿಗೆ ಎದ್ದು ಎಲೆಕ್ಷನ್ ಎಂದು ಕೂಗುತ್ತವೆ. 2014ರ ರಾಫ್ಟ್ ಕ್ರಮದಲ್ಲಿ 150ರಿಂದ 300 ಮಿಲಿಸೆಕೆಂಡ್ ನಡುವೆ ಯಾವುದೋ ಒಂದು ಅಂಕಿಯನ್ನು ಪ್ರತಿಯೊಬ್ಬರೂ ಚೀಟಿ ಎತ್ತಿದ ಹಾಗೆ ಎತ್ತಿಕೊಳ್ಳುತ್ತಾರೆ. ಉಪಾಯ ತೆಗೆದುಕೊಳ್ಳಿ, ಅಂಕಿ ತೆಗೆದುಕೊಳ್ಳಬೇಡಿ. ಅದು ಡೇಟಾ ಸೆಂಟರಿನ ಅಂಕಿ.

ಅಷ್ಟಾದರೂ ಎರಡು ನೋಡ್ ಒಟ್ಟಿಗೆ ಎಲೆಕ್ಷನ್ ಶುರುಮಾಡುವುದುಂಟು. ಪ್ರತಿ ಎಲೆಕ್ಷನ್‌ಗೂ ಒಂದು ಕ್ರಮಸಂಖ್ಯೆ, ಅದರ ಪಕ್ಕದಲ್ಲಿ ಶುರುಮಾಡಿದ ನೋಡ್‌ನ ಐಡಿ, ಇವೆರಡೂ ಪ್ರತಿ ಮೆಸೇಜಿನಲ್ಲೂ ಇರಲಿ. ದೊಡ್ಡದು ಕೇಳಿಸಿದ ಕೂಡಲೇ ಸಣ್ಣದನ್ನು ಕೈಬಿಡಬೇಕು, ಸಣ್ಣದರ ಉತ್ತರ ಆಮೇಲೆ ಬಂದರೂ ಕಿವಿಗೆ ಹಾಕಿಕೊಳ್ಳಬಾರದು. ಕ್ರಮಸಂಖ್ಯೆಯ ಬದಲು ಫೋನಿನ ಗಡಿಯಾರದ ಹೊತ್ತು ಹಾಕುವ ಸೋಮಾರಿತನ ಬೇಡ. ನಿಮ್ಮ ಫೋನಿನ ಗಡಿಯಾರ ಮತ್ತು ನಿಮ್ಮ ಗೆಳತಿಯ ಫೋನಿನ ಗಡಿಯಾರ ಒಂದೇ ಹೊತ್ತು ತೋರಿಸುತ್ತವೆ ಎಂದು ಯಾರು ಹೇಳಿದರು? ಲ್ಯಾಂಪೋರ್ಟ್ ಅವರ 1978ರ ಪ್ರಬಂಧವನ್ನು ಓದಿ, ಬರೀ ಎಣಿಕೆಯಿಂದ ಮುಂಚೆ–ಆಮೇಲೆ ಹೇಗೆ ತಿಳಿಯುತ್ತದೆ ಎಂದು ಅದರಲ್ಲಿದೆ. ಚಿಕ್ಕ ಪ್ರಬಂಧ, ಒಂದು ಸಂಜೆಯ ಓದು.

ತುಂಡಾದ ಗುಂಪುಗಳು ಮತ್ತೆ ಸೇರುವ ಹೊತ್ತು ಅತಿ ಸೂಕ್ಷ್ಮ. 5 ನಡೆಯುತ್ತ ನಡೆಯುತ್ತ 6ರ ಹತ್ತಿರ ಬಂತು. ಒಂದರ ಬಾಯಲ್ಲಿ 3 ಲೀಡರ್, ಇನ್ನೊಂದರ ಬಾಯಲ್ಲಿ 6. ಹೊಸ ಲಿಂಕ್ ಹುಟ್ಟಿದಾಗಲೆಲ್ಲ ‘ನಿನ್ನ ಲೀಡರ್ ಯಾರು’ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ವಿಚಾರಿಸದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಡೆಯುತ್ತದೆ. ಯಾರು ಉಳಿಯಬೇಕು ಎಂಬುದಕ್ಕೆ ಒಬ್ಬೊಬ್ಬರದು ಒಂದೊಂದು ನಿಯಮ. 2004ರ ಕ್ರಮದಲ್ಲಿ ಮೌಲ್ಯ ಹೆಚ್ಚಿದ್ದ ಲೀಡರ್ ಗೆಲ್ಲುತ್ತದೆ. 2000ದ ಕ್ರಮದಲ್ಲಿ ಐಡಿ ಚಿಕ್ಕದಿದ್ದದ್ದು. 2009ರಲ್ಲಿ ಇಂಗ್ರಾಮ್ ಮತ್ತು ಸಂಗಡಿಗರು ಇತ್ತೀಚೆಗೆ ಆಯ್ಕೆಯಾದದ್ದು ಗೆಲ್ಲಲಿ ಎಂದರು. ಯಾವುದಾದರೂ ಸರಿ, ಎಲ್ಲ ನೋಡ್‌ಗೂ ಒಂದೇ ನಿಯಮವಿರಲಿ, ಸಮ ಬಂದಾಗ ಐಡಿ ನೋಡಿ ಮುರಿಯುವ ಸಾಲನ್ನು ಮರೆಯದೆ ಬರೆಯಿರಿ. ಸೋತ ಲೀಡರ್ ಕೆಳಗಿಳಿಯುವ ಮೊದಲು ತನ್ನ ಲೆಕ್ಕ ಒಪ್ಪಿಸಬೇಕು: ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ, ಯಾವ ಕೀ ಹಂಚಿದ್ದೆ. ಈ ಹಸ್ತಾಂತರವನ್ನು ಬರೆದ ಪ್ರಾಜೆಕ್ಟ್ ವರದಿ ನನ್ನ ಕೈಗೆ ಅಪರೂಪಕ್ಕೆ ಬರುತ್ತದೆ. ಬಂದಾಗ ಅದನ್ನು ಮೊದಲು ಓದುತ್ತೇನೆ.

ಯಾರನ್ನು ಲೀಡರ್ ಮಾಡಬೇಕು ಎನ್ನುವುದಕ್ಕೆ ಬರೀ ಐಡಿ ನೋಡಬೇಡಿ. ಅತಿ ಚಿಕ್ಕ ಐಡಿಯದ್ದೇ ಮುಖ್ಯಸ್ಥ ಎಂಬ ಹಳೆಯ ನಿಯಮದಲ್ಲಿ ಪಾಪ, ಅದೇ ನೋಡ್ ಪ್ರತಿ ಸಲವೂ ದುಡಿದು ಮೊದಲು ಸಾಯುತ್ತದೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ, ಉಳಿದವರಿಗೆಲ್ಲ ಅದರ ಬ್ಯಾಟರಿಯ ಮೇಲೆ ಸವಾರಿ. ಬ್ಯಾಟರಿ, ಪಕ್ಕದವರ ಸಂಖ್ಯೆ, ಅವರ ದೂರ, ಎಷ್ಟು ಓಡಾಡುತ್ತದೆ ಎಂಬುದು, ಇವನ್ನು ತೂಗಿ ಕೂಡಿಸುವ ಕ್ರಮವನ್ನು ಚಟರ್ಜಿ, ದಾಸ್, ತುರ್ಗುತ್ 2002ರಲ್ಲಿ ಕೊಟ್ಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಓಡಾಟಕ್ಕೆ ಹೆಚ್ಚು ತೂಕ ಕೊಡಿ. ಶೇಕಡಾ 90 ಬ್ಯಾಟರಿ ಇದ್ದು ಬೈಕಿನ ಮೇಲೆ ಹೊರಟವನಿಗಿಂತ ಶೇಕಡಾ 60 ಇದ್ದು ಮರದ ಕೆಳಗೆ ಕೂತವನು ಮೇಲು. ಸೆನ್ಸರ್‌ಗಳಿಗಾಗಿ 2000ದಲ್ಲಿ ಬಂದ ಲೀಚ್ ಕ್ರಮವನ್ನು ಹಾಗೇ ತರಬೇಡಿ. ಸರದಿಯ ಮೇಲೆ ಎಲ್ಲರಿಗೂ ಯಜಮಾನಿಕೆ ಎಂಬ ಅದರ ನ್ಯಾಯ ಚೆನ್ನ, ಆದರೆ ಅದು ನೆಟ್ಟಲ್ಲೇ ಇರುವ ನೋಡ್‌ಗಳಿಗೆ.

ಬ್ಯಾಟರಿ ನೋಡಿ ಆರಿಸುವಾಗ ಮತ್ತೊಂದು ಎಡವಟ್ಟು. ಲೀಡರ್ ದುಡಿದು 90 ಇದ್ದದ್ದು 69ಕ್ಕೆ ಬಂತು. 70 ಇರುವ ನೋಡ್ ತಾನು ಲೀಡರ್ ಎಂದಿತು. ಅದು ದುಡಿದು 68 ಆದಾಗ ಹಳೆಯದು ಮತ್ತೆ ಎದ್ದಿತು. ದಿನಾ ಸಾಯೋರಿಗೆ ಅಳೋರ್ಯಾರು? ಹೀಗೆ ಮಿನಿಟಿಗೊಂದು ಎಲೆಕ್ಷನ್ ನಡೆದರೆ ಯಾವ ನೋಡೂ ಯಾವ ಲೀಡರನ್ನೂ ನೆಚ್ಚುವುದಿಲ್ಲ. ಕನಿಷ್ಠ ಇಷ್ಟು ಅಂತರ ಇದ್ದರೆ ಮಾತ್ರ ಬದಲಾವಣೆ ಎಂದು ಕಟ್ಟು ಹಾಕಿ. ಓಎಸ್‌ಪಿಎಫ್‌ನಲ್ಲಿ ಡೆಸಿಗ್ನೇಟೆಡ್ ರೂಟರ್ ಒಮ್ಮೆ ಕೂತ ಮೇಲೆ, ಹೆಚ್ಚಿನ ಪ್ರಯಾರಿಟಿಯದ್ದು ಹೊಸದಾಗಿ ಬಂದರೂ ಎಬ್ಬಿಸುವುದಿಲ್ಲ. ಆ ಸಂಯಮ ನಿಮ್ಮ ಕೋಡಿಗೂ ಬರಲಿ. ಹಾಗೆಯೇ ಬ್ಯಾಟರಿ ತಳ ಮುಟ್ಟುವ ಮೊದಲೇ ಲೀಡರ್ ತಾನಾಗಿ ಮುಂದಿನವರ ಹೆಸರು ಹೇಳಿ ಜಾಗ ಬಿಟ್ಟುಕೊಡಲಿ. ಸತ್ತ ಮೇಲೆ ಹುಡುಕುವುದಕ್ಕಿಂತ ಅದು ಅಗ್ಗ.

ಫೋನಿನ ಮೇಲೆ ವೈಫೈ ಡೈರೆಕ್ಟ್ ಇಟ್ಟುಕೊಂಡು ಮಾಡುವವರು ಇಲ್ಲಿ ಕೇಳಿ. ಎರಡು ಫೋನ್ ಜೊತೆಯಾಗುವಾಗ ಗ್ರೂಪ್ ಓನರ್ ಯಾರೆಂದು ಅವೇ ಮಾತಾಡಿಕೊಳ್ಳುತ್ತವೆ. ಪ್ರತಿಯೊಂದೂ 0ರಿಂದ 15ರ ನಡುವಿನ ಒಂದು ಅಂಕಿ ಹೇಳುತ್ತದೆ, ಹೆಚ್ಚಿನದು ಗೆಲ್ಲುತ್ತದೆ, ಸಮ ಬಂದರೆ ಒಂದು ಟೈ ಬ್ರೇಕರ್ ಬಿಟ್ ತೀರ್ಮಾನಿಸುತ್ತದೆ. 15 ಎಂದರೆ ‘ನಾನೇ ಆಗಬೇಕು’ ಎಂದರ್ಥ. ಎಲ್ಲ ಫೋನಿಗೂ 15 ಹಾಕಿಟ್ಟು ‘ಕನೆಕ್ಟ್ ಆಗ್ತಾ ಇಲ್ಲ ಮೇಡಂ’ ಎಂದು ಬರಬೇಡಿ. ಇಬ್ಬರೂ 15 ಎಂದರೆ ಮಾತುಕತೆ ಮುರಿಯುವುದೇ ನಿಯಮ. ಮತ್ತೆ, ಓನರ್ ಎದ್ದು ಹೋದರೆ ಆ ಗುಂಪು ಅಲ್ಲಿಗೆ ಮುಗಿಯಿತು. ಯಜಮಾನಿಕೆಯನ್ನು ಇನ್ನೊಬ್ಬರಿಗೆ ದಾಟಿಸುವ ಏರ್ಪಾಡು ಅದರಲ್ಲಿಲ್ಲ. ಮುಂದಿನ ಓನರ್ ಯಾರೆಂದು ನಿಮ್ಮ ಆ್ಯಪ್ ಮೊದಲೇ ಎಲ್ಲರಿಗೂ ಹೇಳಿಟ್ಟಿರಬೇಕು.

ಮೆಸೇಜುಗಳನ್ನು ಸಾರುವಾಗ ಕೈ ಹಿಡಿದು ಖರ್ಚು ಮಾಡಿ. ಕೇಳಿದ್ದನ್ನೆಲ್ಲ ಪ್ರತಿ ನೋಡೂ ಮರುಸಾರುವುದು ಬೇಡ, ಅತಿಯಾದರೆ ಅಮೃತವೂ ವಿಷ. 1999ರಲ್ಲಿ ನೀ, ತ್ಸೆಂಗ್ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದಂತೆ, ಒಂದು ಮರುಸಾರಿಕೆಯಿಂದ ಹೊಸದಾಗಿ ತಲುಪುವ ಜಾಗ ಹೆಚ್ಚೆಂದರೆ ಶೇಕಡಾ 61, ಸರಾಸರಿ 41. ಅದೇ ಮೆಸೇಜನ್ನು ನಾಲ್ಕು ಸಲ ಕೇಳಿಸಿಕೊಂಡ ಮೇಲೆ ನೀವೂ ಸಾರಿದರೆ ಸಿಗುವುದು ಶೇಕಡಾ 5ಕ್ಕಿಂತ ಕಡಿಮೆ. ಆಗ ಬಾಯಿ ಮುಚ್ಚಿಕೊಂಡಿರುವುದೇ ಉಪಕಾರ.

ಸಿಮ್ಯುಲೇಶನ್‌ನಲ್ಲಿ ನೋಡ್‌ಗಳನ್ನು ಓಡಾಡಿಸಲು ಎಲ್ಲರೂ ರ್‍ಯಾಂಡಮ್ ವೇಪಾಯಿಂಟ್ ಹಾಕುತ್ತೀರಿ, ಕನಿಷ್ಠ ವೇಗ 0 ಎಂದು ಬಿಟ್ಟಿರುತ್ತೀರಿ. ಹಾಗೆ ಬಿಟ್ಟರೆ ಹೊತ್ತು ಕಳೆದಂತೆ ನೋಡ್‌ಗಳ ಸರಾಸರಿ ವೇಗ ಇಳಿಯುತ್ತಲೇ ಹೋಗುತ್ತದೆ ಎಂದು ಯೂನ್, ಲಿಯು, ನೋಬಲ್ 2003ರಲ್ಲೇ ಎಚ್ಚರಿಸಿದ್ದಾರೆ. ನಿಮ್ಮ ಆಲ್ಗಾರಿದಮ್ ಚೆನ್ನಾಗಿ ನಡೆಯಿತು ಎಂದು ಹಿಗ್ಗುತ್ತೀರಿ, ನಿಜದಲ್ಲಿ ನೋಡ್‌ಗಳೇ ತೆವಳುತ್ತಿರುತ್ತವೆ. ಕನಿಷ್ಠ ವೇಗ ಸೆಕೆಂಡಿಗೆ 1 ಮೀಟರ್ ಎಂದಾದರೂ ಇಡಿ, ಮೊದಲ ಸ್ವಲ್ಪ ಹೊತ್ತಿನ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಡೆಮೊಗೆ ಬರುವಾಗ ಐದಾರು ಫೋನ್ ತನ್ನಿ. ಲೀಡರ್ ಆದ ಫೋನನ್ನು ಜೇಬಿಗೆ ಹಾಕಿಕೊಂಡು ಒಬ್ಬರು ಕಾರಿಡಾರ್ ದಾಟಿ ಮೆಟ್ಟಿಲಿಳಿದು ಹೋಗಲಿ, ಉಳಿದವು ಏನು ಮಾಡುತ್ತವೆ ನೋಡಿ. ಆಮೇಲೆ ಅವರು ಮರಳಿ ಬರಲಿ. ಎಲೆಕ್ಷನ್ ನಡೆಯುತ್ತಿರುವಾಗಲೇ ಒಂದು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಪ್ರತಿ ಫೋನಿನ ಲಾಗನ್ನು ಬೇರೆ ಬೇರೆ ಫೈಲಿನಲ್ಲಿ, ಎಲೆಕ್ಷನ್‌ನ ಕ್ರಮಸಂಖ್ಯೆಯ ಸಮೇತ ಇಟ್ಟುಕೊಳ್ಳಿ. ವರದಿಯ ಕೋಷ್ಟಕದಲ್ಲಿ ನನಗೆ ಬೇಕಾದ್ದು ಇಷ್ಟು: ಲೀಡರ್ ಇಲ್ಲದೆ ಕಳೆದ ಹೊತ್ತು ಒಟ್ಟು ಹೊತ್ತಿನ ಎಷ್ಟು ಭಾಗ, ಒಂದೇ ಗುಂಪಿನಲ್ಲಿ ಎರಡು ಲೀಡರ್ ಇದ್ದ ಹೊತ್ತು ಎಷ್ಟು, ಒಂದು ಎಲೆಕ್ಷನ್ ಮುಗಿಯಲು ಹಿಡಿದ ಸಮಯ, ಗಂಟೆಗೆ ಎಷ್ಟು ಎಲೆಕ್ಷನ್, ಅದಕ್ಕಾದ ಮೆಸೇಜು ಎಷ್ಟು. ಸರಾಸರಿಯ ಪಕ್ಕದಲ್ಲಿ ಅತಿ ಕೆಟ್ಟ ಸಲದ ಅಂಕಿಯನ್ನೂ ಬರೆಯಿರಿ, ಅದನ್ನು ಮುಚ್ಚಿಟ್ಟರೆ ವೈವಾದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಅದೇ.